ಹೋಲಿಕೆಯ ವಾಕ್ಯ: ಕಟ್ಟಿದ ಭಾಷೆಗಳೂ ಕನ್ನಡವೂ

ಎರಡು ವಸ್ತುಗಳನ್ನು ಹೋಲಿಸಿ ಹೇಳುವುದು ಮನುಷ್ಯನ ಮಾತಿನ ಮೊದಲ ಕೆಲಸಗಳಲ್ಲೊಂದು. ಈ ಬೆಟ್ಟ ಆ ಬೆಟ್ಟಕ್ಕಿಂತ ಎತ್ತರ, ಈ ಹೊಳೆ ಆ ಹೊಳೆಯಷ್ಟು ಆಳವಲ್ಲ ಎಂದು ಹೇಳಲಾರದ ಭಾಷೆ ಭೂಮಿಯ ಮೇಲೆ ಇಲ್ಲ. ಆದರೆ ಎರಡು ವಸ್ತುಗಳನ್ನು ಹೋಲಿಸುವುದು ಒಂದು, ಎರಡು ಕ್ರಿಯೆಗಳನ್ನು ಹೋಲಿಸುವುದು ಇನ್ನೊಂದು. "ನಾನು ಬರೆಯುವುದಕ್ಕಿಂತ ಹೆಚ್ಚಾಗಿ ಅವನು ಓದುತ್ತಾನೆ" ಎಂಬ ಮಾತಿನಲ್ಲಿ ಹೋಲಿಕೆಗೆ ಒಳಗಾದುದು ನಾನೂ ಅಲ್ಲ, ಅವನೂ ಅಲ್ಲ. ನಾನು ಬರೆಯುವುದು ಒಂದು ವಾಕ್ಯ, ಅವನು ಓದುವುದು ಇನ್ನೊಂದು ವಾಕ್ಯ. ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದಂತಾಯಿತು. ಈ ತೂಗುವ ಕೆಲಸವನ್ನು ಬೇರೆ ಬೇರೆ ಭಾಷೆಗಳು ಹೇಗೆ ಮಾಡುತ್ತವೆ, ಅದರಲ್ಲಿಯೂ ಮನುಷ್ಯನೇ ಬುದ್ಧಿಪೂರ್ವಕವಾಗಿ ಕುಳಿತು ಕಟ್ಟಿದ ಭಾಷೆಗಳು ಅದನ್ನು ಹೇಗೆ ಮಾಡಿವೆ, ಆ ಪಕ್ಕದಲ್ಲಿ ನಮ್ಮ ಕನ್ನಡವನ್ನು ಇಟ್ಟು ನೋಡಿದರೆ ಏನು ಕಾಣುತ್ತದೆ ಎಂಬುದನ್ನು ಸಂಗ್ರಹವಾಗಿ ವಿಚಾರಿಸುವುದು ಈ ಲೇಖನದ ಉದ್ದೇಶ.

ಇಂತಹ ವಿಷಯ ಗಡಿನಾಡಿನ ಅಧ್ಯಾಪಕರಿಗೆ ಏಕೆ ಎಂದು ಕೆಲವರು ಕೇಳಬಹುದು. ಮಸಿನಗುಡಿ ನೀಲಗಿರಿಯ ಉತ್ತರದ ಬುಡದಲ್ಲಿರುವ ಊರು. ಮೋಯಾರ್ ಕಣಿವೆಯನ್ನು ದಾಟಿದರೆ ಕರ್ನಾಟಕ. ಗೂಡಲೂರಿನ ಆಚೆ ಪಶ್ಚಿಮಕ್ಕೆ ಹೋದರೆ ಕೇರಳ. ಕಲ್ಲಟ್ಟಿಯ ಘಟ್ಟ ಹತ್ತಿದರೆ ಉದಕಮಂಡಲ. ಕನ್ನಡ, ತಮಿಳು, ಮಲಯಾಳಗಳು ಒಂದೇ ಸಂತೆಯಲ್ಲಿ ಕೇಳಿಬರುವ, ಬಡಗ, ಇರುಳ, ಕುರುಂಬ ನುಡಿಗಳು ಅವುಗಳೊಡನೆ ಬೆರೆಯುವ ಪ್ರದೇಶವಿದು. ಇಲ್ಲಿಯ ಅಧ್ಯಾಪಕನಿಗೆ ಒಂದು ಭಾಷೆಯ ವಾಕ್ಯವನ್ನು ಇನ್ನೊಂದು ಭಾಷೆಯ ವಾಕ್ಯದ ಪಕ್ಕದಲ್ಲಿ ಇಟ್ಟು ನೋಡುವುದು ವಿನೋದವಲ್ಲ, ದಿನದ ಕೆಲಸ. ಹೀಗೆ ನೋಡುವಾಗ ಯಾವ ಭಾಷೆಯನ್ನು ಅಳತೆಗೋಲಾಗಿ ಹಿಡಿಯಬೇಕೆಂಬ ಪ್ರಶ್ನೆ ಬಂದೇ ಬರುತ್ತದೆ. ತಪ್ಪು ಅಳತೆಗೋಲನ್ನು ಹಿಡಿದರೆ ಮಗುವಿನ ಮನೆಮಾತು ಕೊರತೆಯುಳ್ಳದ್ದಾಗಿ ಕಾಣುತ್ತದೆ. ಕನ್ನಡಕ್ಕೆ ಈ ಹೋಲಿಕೆಯ ವಿಷಯದಲ್ಲಿ ಅಂತಹ ಒಂದು ಅಪವಾದ ಬಹುಕಾಲದಿಂದ ಅಂಟಿಕೊಂಡಿದೆ. ಅದನ್ನು ಪರೀಕ್ಷಿಸಲು ಕಟ್ಟಿದ ಭಾಷೆಗಳ ಚರಿತ್ರೆ ನಮಗೆ ಅನಿರೀಕ್ಷಿತವಾದ ಸಹಾಯವನ್ನು ಮಾಡುತ್ತದೆ.

ಕಟ್ಟಿದ ಭಾಷೆಗಳ ಪರಂಪರೆ

ಎಲ್ಲರಿಗೂ ಸಮಾನವಾದ ಒಂದು ಹೊಸ ಭಾಷೆಯನ್ನು ಕಟ್ಟಬೇಕೆಂಬ ಬಯಕೆ ಯೂರೋಪಿನಲ್ಲಿ ಹಳೆಯದು. ಇಂಗ್ಲೆಂಡಿನ ಜಾನ್ ವಿಲ್ಕಿನ್ಸ್ 1668ರಲ್ಲಿ ಇಂತಹ ಒಂದು ತಾತ್ತ್ವಿಕ ಭಾಷೆಯ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ಆದರೆ ಜನರು ನಿಜವಾಗಿ ಕಲಿತು ಬಳಸಿದ ಕಟ್ಟಿದ ಭಾಷೆಗಳು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಜರ್ಮನಿಯ ಪಾದ್ರಿ ಷ್ಲೇಯರ್ 1880ರ ಸುಮಾರಿಗೆ ವೊಲಾಪ್ಯುಕ್ ಎಂಬ ಭಾಷೆಯನ್ನು ಹೊರತಂದನು. ಅದರ ಬೆನ್ನಲ್ಲೇ 1887ರಲ್ಲಿ ವಾರ್ಸಾ ನಗರದಲ್ಲಿ ಜಾಮೆನ್‌ಹಾಫ್ ಎಂಬ ವೈದ್ಯನು ತನ್ನ ಪುಟ್ಟ ಪುಸ್ತಕವನ್ನು ಪ್ರಕಟಿಸಿದನು. ಆ ಭಾಷೆಯೇ ಎಸ್ಪೆರಾಂಟೊ.

ಜಾಮೆನ್‌ಹಾಫನ ಹುಟ್ಟೂರಿನ ವೃತ್ತಾಂತ ಗಡಿನಾಡಿನವರಿಗೆ ಬೇಗ ಅರ್ಥವಾಗುವಂಥದು. ಆತನು 1859ರಲ್ಲಿ ಹುಟ್ಟಿದ ಬ್ಯಾಲಿಸ್ಟಾಕ್ ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು; ಇಂದು ಪೋಲೆಂಡಿನಲ್ಲಿದೆ. ರಷ್ಯನ್, ಪೋಲಿಷ್, ಜರ್ಮನ್, ಯಿಡ್ಡಿಷ್ ಎಂಬ ನಾಲ್ಕು ಭಾಷೆಗಳ ಜನರು ಆ ಊರಿನಲ್ಲಿ ಬೇರೆ ಬೇರೆಯಾಗಿ, ಒಬ್ಬರನ್ನೊಬ್ಬರು ಸಂಶಯದಿಂದ ನೋಡುತ್ತ ಬಾಳುತ್ತಿದ್ದರು. ಯಾರ ಮನೆಮಾತೂ ಅಲ್ಲದ ಒಂದು ಭಾಷೆ ಇದ್ದರೆ ಯಾರೂ ಯಾರಿಗೂ ತಲೆಬಾಗಬೇಕಾಗಿಲ್ಲ ಎಂಬುದು ಆ ಬಾಲಕನ ಮನಸ್ಸಿನಲ್ಲಿ ಹುಟ್ಟಿದ ಭಾವನೆ. ಆತನ ವ್ಯಾಕರಣದ ನಿಯಮಗಳು ಕೇವಲ 16. ಅವುಗಳಿಗೆ ಅಪವಾದವಿಲ್ಲ. 1905ರಲ್ಲಿ ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಎಸ್ಪೆರಾಂಟೊ ಬಲ್ಲವರ ಮೊದಲನೆಯ ಜಾಗತಿಕ ಸಮ್ಮೇಳನ ಸೇರಿತು; ಅದೇ ವರ್ಷ ಈ ನಿಯಮಗಳು ಭಾಷೆಯ ಮೂಲಾಧಾರವೆಂದು ಒಪ್ಪಿತವಾದುವು.

ಈ 16 ನಿಯಮಗಳಲ್ಲಿ ಮೂರನೆಯದು ವಿಶೇಷಣಕ್ಕೆ ಸಂಬಂಧಿಸಿದ್ದು. ಹೋಲಿಕೆಯ ವಿಧಾನ ಅದರಲ್ಲಿಯೇ ಅಡಗಿದೆ. "ಹೆಚ್ಚು" ಎಂಬುದಕ್ಕೆ "ಪ್ಲಿ", "ಎಲ್ಲಕ್ಕಿಂತ ಹೆಚ್ಚು" ಎಂಬುದಕ್ಕೆ "ಪ್ಲೇಯ್", ಹೋಲಿಕೆಗೆ ಒಳಗಾದ ಎರಡನೆಯ ವಸ್ತುವಿನ ಮುಂದೆ "ಓಲ್". ಇಂಗ್ಲಿಷಿನ "ದ್ಯಾನ್" ಮಾಡುವ ಕೆಲಸವನ್ನೇ ಈ "ಓಲ್" ಮಾಡುತ್ತದೆ. ಇದರ ಮುಂದೆ ಒಂದು ಹೆಸರು ಬರಬಹುದು, ಇಡೀ ವಾಕ್ಯವೂ ಬರಬಹುದು. "ಲಿ ಲೇಗಾಸ್ ಪ್ಲಿ ಓಲ್ ಮಿ ಸ್ಕ್ರಿಬಾಸ್" ಎಂದರೆ ಪದಶಃ "ಅವನು ಓದುತ್ತಾನೆ ಹೆಚ್ಚು, ಓಲ್, ನಾನು ಬರೆಯುತ್ತೇನೆ" ಎಂದಾಗುತ್ತದೆ. ಎರಡು ಪೂರ್ಣವಾಕ್ಯಗಳು ಹಾಗೆಯೇ ನಿಂತಿವೆ. ನಡುವೆ ಒಂದು ಅವ್ಯಯ ಗೂಟದಂತೆ ಬಿದ್ದಿದೆ.

ಜಾಮೆನ್‌ಹಾಫನ ಹಿಂದೆ ಬಂದವರೂ ಮುಂದೆ ಬಂದವರೂ ಇದೇ ದಾರಿಯನ್ನು ಹಿಡಿದರು. ವೊಲಾಪ್ಯುಕ್ ಭಾಷೆಯಲ್ಲಿ ವಿಶೇಷಣಕ್ಕೆ ಪ್ರತ್ಯಯ ಹತ್ತುತ್ತಿತ್ತು: "ಗುದಿಕ್" ಎಂದರೆ ಒಳ್ಳೆಯ, "ಗುದಿಕುಮ್" ಎಂದರೆ ಹೆಚ್ಚು ಒಳ್ಳೆಯ, ಆದರೆ ಹೋಲಿಕೆಯ ಎರಡನೆಯ ಅಂಗದ ಮುಂದೆ "ಕಾ" ಎಂಬ ಅವ್ಯಯ ಬೇಕೇ ಬೇಕು. ಎಸ್ಪೆರಾಂಟೊವನ್ನು ತಿದ್ದಿ 1907ರಲ್ಲಿ ಹೊರಟ ಇಡೊ ಭಾಷೆಯಲ್ಲಿ "ಪ್ಲು … ಕಾಮ್". ಡೆನ್ಮಾರ್ಕಿನ ಪ್ರಸಿದ್ಧ ವೈಯಾಕರಣ ಯೆಸ್ಪರ್ಸನ್ 1928ರಲ್ಲಿ ಕಟ್ಟಿದ ನೊವಿಯಲ್ ಭಾಷೆಯಲ್ಲಿಯೂ "ಪ್ಲು … ಕಾಮ್". 1951ರಲ್ಲಿ ಪ್ರಕಟವಾದ ಇಂಟರ್‌ಲಿಂಗ್ವಾದಲ್ಲಿ "ಪ್ಲುಸ್ … ಕ್ವೆ". ಹೆಸರುಗಳು ಬೇರೆ, ಶಬ್ದಗಳು ಬೇರೆ, ಕಟ್ಟಿದವರ ದೇಶಗಳೂ ಬೇರೆ. ಆದರೆ ವಾಕ್ಯದ ಅಸ್ಥಿಪಂಜರ ಒಂದೇ. ಎಲ್ಲ ಮನುಷ್ಯರಿಗೂ ಸಮಾನವೆಂದು ಕಟ್ಟಿದ ಈ ಭಾಷೆಗಳು ಇಷ್ಟು ಒಮ್ಮತದಿಂದ ಒಂದೇ ದಾರಿಯನ್ನು ಹಿಡಿದುದಕ್ಕೆ, ಅದೇ ಮನುಷ್ಯಬುದ್ಧಿಗೆ ಸಹಜವಾದ ದಾರಿ ಎಂಬುದು ಕಾರಣವೇ? ಅಥವಾ ಬೇರೆ ಕಾರಣವುಂಟೇ?

ಅವ್ಯಯ ಎಲ್ಲಿಂದ ಬಂತು?

ಇದಕ್ಕೆ ಉತ್ತರ ಜಾಮೆನ್‌ಹಾಫನ ಸುತ್ತಲಿನ ಭಾಷೆಗಳಲ್ಲಿದೆ. ಜರ್ಮನ್ ಭಾಷೆಯಲ್ಲಿ "ಆಲ್ಸ್", ಪೋಲಿಷ್ ಭಾಷೆಯಲ್ಲಿ "ನಿಷ್", ರಷ್ಯನ್ನಿನಲ್ಲಿ "ಚೆಮ್", ಫ್ರೆಂಚಿನಲ್ಲಿ "ಕ" ಎಂಬ ಅವ್ಯಯಗಳು ಈ ಕೆಲಸವನ್ನು ಮಾಡುತ್ತವೆ. ಆದರೆ ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಇವುಗಳಲ್ಲಿ ಕೆಲವಕ್ಕೆ ಇನ್ನೊಂದು ದಾರಿಯೂ ಇದೆ. ರಷ್ಯನ್ನಿನಲ್ಲಿ ಹೋಲಿಕೆಗೆ ಒಳಗಾದ ಹೆಸರನ್ನು ಷಷ್ಠೀ ವಿಭಕ್ತಿಯಲ್ಲಿಟ್ಟರೂ ಸಾಕು. ಪೋಲಿಷ್ ಭಾಷೆಯಲ್ಲಿ "ಇಂದ" ಎಂಬರ್ಥದ "ಓದ್" ಎಂಬ ಶಬ್ದವನ್ನು ಹೆಸರಿನ ಮುಂದಿಟ್ಟರೂ ಸಾಕು. ಲ್ಯಾಟಿನ್ನಿನಲ್ಲಿ ಪಂಚಮಿಗೆ ಸಮಾನವಾದ ವಿಭಕ್ತಿಯೂ ಇತ್ತು, "ಕ್ವಾಮ್" ಎಂಬ ಅವ್ಯಯವೂ ಇತ್ತು. ಅಂದರೆ ವಿಭಕ್ತಿಯ ದಾರಿ ಯೂರೋಪಿಗೆ ಅಪರಿಚಿತವೇನಲ್ಲ. ಆದರೆ ಆ ದಾರಿ ಹೆಸರಿನವರೆಗೆ ಮಾತ್ರ ನಡೆಯುತ್ತದೆ. "ನೀನು ಹೇಳಿದ್ದಕ್ಕಿಂತ" ಎಂಬಂತಹ ವಾಕ್ಯ ಬಂದೊಡನೆ ಅಲ್ಲಿ ವಿಭಕ್ತಿ ಕೈಬಿಡುತ್ತದೆ, ಅವ್ಯಯವೇ ಬರಬೇಕಾಗುತ್ತದೆ. ಏಕೆಂದರೆ ಪುರುಷ, ವಚನ, ಕಾಲಗಳನ್ನು ಹೊತ್ತು ನಿಂತ ಪೂರ್ಣಕ್ರಿಯಾಪದಕ್ಕೆ ವಿಭಕ್ತಿಯನ್ನು ಹಚ್ಚುವಂತಿಲ್ಲ.

ಆದ್ದರಿಂದ ಜಾಮೆನ್‌ಹಾಫನು ಮಾಡಿದ ಆಯ್ಕೆ ವಿವೇಕದ್ದೇ. ಹೆಸರಿಗೂ ವಾಕ್ಯಕ್ಕೂ ಒಂದೇ ಸಾಧನವಿರಲಿ ಎಂದು ಎರಡು ದಾರಿಗಳಲ್ಲಿ ಹೆಚ್ಚು ದೂರ ಹೋಗುವುದನ್ನು ಉಳಿಸಿಕೊಂಡನು. ಇದರಿಂದ ಆತನ ಭಾಷೆಗೆ ಒಂದು ಲಾಭವೂ ಆಯಿತು. ಎಸ್ಪೆರಾಂಟೊದಲ್ಲಿ ದ್ವಿತೀಯಾ ವಿಭಕ್ತಿಗೆ "ನ್" ಎಂಬ ಪ್ರತ್ಯಯವುಂಟು. "ಮಿ ಲಾವ್ದಾಸ್ ವಿನ್ ಪ್ಲಿ ಓಲ್ ಲಿ" ಎಂದರೆ "ಅವನು ನಿನ್ನನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ನಾನು ನಿನ್ನನ್ನು ಹೊಗಳುತ್ತೇನೆ" ಎಂದರ್ಥ. ಕೊನೆಯ "ಲಿ" ಎಂಬುದನ್ನು "ಲಿನ್" ಎಂದು ಮಾಡಿದರೆ "ನಾನು ಅವನನ್ನು ಹೊಗಳುವುದಕ್ಕಿಂತ ಹೆಚ್ಚಾಗಿ ನಿನ್ನನ್ನು ಹೊಗಳುತ್ತೇನೆ" ಎಂದಾಗುತ್ತದೆ. ಒಂದೇ ಅಕ್ಷರದಿಂದ ಕರ್ತೃ ಯಾರು, ಕರ್ಮ ಯಾರು ಎಂಬ ಸಂದೇಹ ನಿವಾರಣೆಯಾಗುತ್ತದೆ. ಇದು ಮೆಚ್ಚತಕ್ಕ ವ್ಯವಸ್ಥೆ.

ಹೀಗಿದ್ದರೂ ಈ ದಾರಿ ಜಗತ್ತಿನ ರಾಜಮಾರ್ಗವೇನಲ್ಲ. ಡಚ್ ವಿದ್ವಾಂಸ ಲೆಯೋನ್ ಸ್ಟಾಸೆನ್ 1985ರಲ್ಲಿ ಹೋಲಿಕೆಯ ವಾಕ್ಯಗಳ ಮೇಲೆ ಒಂದು ಗ್ರಂಥವನ್ನು ಪ್ರಕಟಿಸಿದನು. ಮುಂದೆ 2005ರಲ್ಲಿ ಬಂದ ಜಗತ್ತಿನ ಭಾಷಾರಚನೆಗಳ ಭೂಪಟ ಸಂಪುಟದಲ್ಲಿ ಆತನು 167 ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿದ್ದಾನೆ. ಸ್ಥಳವನ್ನು ಸೂಚಿಸುವ ವಿಭಕ್ತಿಯಿಂದ, ಎಂದರೆ "ಇಂದ", "ಗೆ", "ಅಲ್ಲಿ" ಎಂಬಂತಹ ರೂಪಗಳಿಂದ, ಹೋಲಿಸುವ ಭಾಷೆಗಳು 78. "ಮೀರು" ಎಂಬರ್ಥದ ಕ್ರಿಯಾಪದದಿಂದ ಹೋಲಿಸುವವು 33. "ಇದು ದೊಡ್ಡದು, ಅದು ಸಣ್ಣದು" ಎಂದು ಎರಡು ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವವು 34. "ಓಲ್" ಎಂಬಂತಹ ಅವ್ಯಯವನ್ನು ಬಳಸುವವು 22 ಮಾತ್ರ. ಅವುಗಳ ದಟ್ಟಣೆ ಇರುವುದು ಯೂರೋಪಿನಲ್ಲಿ. ಎಲ್ಲರಿಗಾಗಿ ಕಟ್ಟಿದ ಭಾಷೆ ಈ ಒಂದು ಅಂಶದಲ್ಲಿ ಕಟ್ಟಿದವನ ಊರಿನ ಜಗುಲಿಯನ್ನು ಬಿಟ್ಟು ಇಳಿಯಲಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದು ದೂಷಣೆಯಲ್ಲ. ಆತನಿಗೆ ದೊರೆತ ಭಾಷೆಗಳಲ್ಲಿ ಆತನು ಆರಿಸಿಕೊಂಡನು, ಅಷ್ಟೆ.

ಕನ್ನಡದ ದಾರಿ

ಈಗ ನಮ್ಮ ಭಾಷೆಗೆ ಬರೋಣ. ಕೇಶಿರಾಜನು ಸುಮಾರು 1260ರಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಏಳು ವಿಭಕ್ತಿಗಳನ್ನು ಹೇಳಿದ್ದಾನೆ. ತೃತೀಯೆಗೆ "ಇಂ", "ಇಂದಂ" ಮೊದಲಾದ ಪ್ರತ್ಯಯಗಳು. ಪಂಚಮಿಗೆ "ಅತ್ತಣಿಂ" ಮೊದಲಾದವು. ಒಂದರಿಂದ ಇನ್ನೊಂದನ್ನು ಬೇರ್ಪಡಿಸಿ ಹೇಳುವ ಹೋಲಿಕೆ ಹಳಗನ್ನಡದಲ್ಲಿ ಈ "ಇಂ" ರೂಪದಿಂದ ನಡೆಯುತ್ತಿತ್ತು: "ಅದಱಿಂ ಪಿರಿದು" ಎಂದರೆ ಅದಕ್ಕಿಂತ ಹಿರಿದು. ಸಂಸ್ಕೃತದಲ್ಲಿಯೂ ಇದಕ್ಕೆ ಪಂಚಮಿಯೇ ಸಲ್ಲುತ್ತದೆ. ಪಾಣಿನಿಯ ಎರಡನೆಯ ಅಧ್ಯಾಯದ ಮೂರನೆಯ ಪಾದದ 42ನೆಯ ಸೂತ್ರ ಇದನ್ನೇ ವಿಧಿಸುತ್ತದೆ. ಆದರೆ ಸಂಸ್ಕೃತದಲ್ಲಿ ವಿಶೇಷಣಕ್ಕೆ "ತರ", "ತಮ" ಮೊದಲಾದ ಪ್ರತ್ಯಯಗಳೂ ಹತ್ತುತ್ತವೆ. ಕನ್ನಡದಲ್ಲಿ ವಿಶೇಷಣ ಇದ್ದಂತೆಯೇ ಇರುತ್ತದೆ. ತಾರತಮ್ಯ ಎಂಬ ಮಾತು ಈ ಎರಡು ಪ್ರತ್ಯಯಗಳಿಂದಲೇ ಆದದ್ದೆಂಬುದನ್ನು ಅಧ್ಯಾಪಕ ಮಿತ್ರರು ಬಲ್ಲರು.

ಮುಂದೆ ಕನ್ನಡದಲ್ಲಿ "ಗಿಂತ" ಎಂಬ ರೂಪ ಬಳಕೆಗೆ ಬಂತು. 12ನೆಯ ಶತಮಾನದ ವಚನಗಳ ಈಗ ದೊರೆಯುವ ಪಾಠಗಳಲ್ಲಿಯೂ ಇದು ಕಂಡುಬರುತ್ತದೆ. "ಅವನಿಗೆ" ಎಂಬ ಚತುರ್ಥಿಯ ಮೇಲೆ "ಇಂತ" ಸೇರಿ "ಅವನಿಗಿಂತ" ಎಂದಾಗಿದೆ. "ಅದಕ್ಕೆ" ಎಂಬುದರ ಮೇಲೆ ಸೇರಿ "ಅದಕ್ಕಿಂತ" ಎಂದಾಗಿದೆ. ಈ "ಇಂತ" ಹಳೆಯ "ಇಂ" ಪ್ರತ್ಯಯಕ್ಕೆ ಸಂಬಂಧಿಸಿದ್ದೆಂದು ತಿಳಿಯುವುದು ಯುಕ್ತವಾಗಿದೆ. ಈ ಬದಲಾವಣೆ ಏಕೆ ಬೇಕಾಯಿತೆಂಬುದನ್ನು ಕ್ರಿಯೆಗಳ ಹೋಲಿಕೆಯಿಂದ ಊಹಿಸಬಹುದು. "ಓದುವುದರಿಂದ" ಎಂದರೆ ಇಂದು ಕಾರಣ. "ಓದುವುದಕ್ಕಿಂತ" ಎಂದರೆ ಹೋಲಿಕೆ. ಒಂದೇ "ಇಂ" ಪ್ರತ್ಯಯ ಸಾಧನ, ಕಾರಣ, ಅಪಾದಾನ, ಹೋಲಿಕೆ ಎಂಬ ನಾಲ್ಕು ಹೊರೆಗಳನ್ನು ಹೊರಬೇಕಾಗಿದ್ದಾಗ ವಾಕ್ಯದ ಅರ್ಥದಲ್ಲಿ ಗೊಂದಲವಾಗುವ ಸಂಭವವಿತ್ತು. ಚತುರ್ಥಿಯ ಊರುಗೋಲನ್ನು ಕೊಟ್ಟು ಹೋಲಿಕೆಯನ್ನು ಪ್ರತ್ಯೇಕಿಸಿದುದರಿಂದ ಆ ಗೊಂದಲ ತೀರಿತು. ಇದು ಯಾವ ಒಬ್ಬ ವೈದ್ಯನೂ ಕುಳಿತು ಬರೆದ ನಿಯಮವಲ್ಲ. ಆಡುವ ಜನರೇ ಶತಮಾನಗಳಲ್ಲಿ ಮಾಡಿಕೊಂಡ ತಿದ್ದುಪಡಿ.

ಕನ್ನಡದ ನಿಜವಾದ ಬಲ ಇನ್ನೊಂದೆಡೆ ಇದೆ. ಯೂರೋಪಿನ ಭಾಷೆಗಳಲ್ಲಿ ವಾಕ್ಯ ಬಂದಾಗ ಕೈಬಿಡುವ ವಿಭಕ್ತಿ ಇಲ್ಲಿ ಕೈಬಿಡುವುದಿಲ್ಲ. ಕನ್ನಡವು ವಾಕ್ಯವನ್ನೇ ಒಂದು ಹೆಸರನ್ನಾಗಿ ಮಾಡಿಕೊಳ್ಳುತ್ತದೆ. "ನಾನು ಬರೆಯುತ್ತೇನೆ" ಎಂಬುದು "ನಾನು ಬರೆಯುವುದು" ಎಂದಾಗುತ್ತದೆ. ಹಾಗೆ ಆದ ಮೇಲೆ ಅದಕ್ಕೆ ಮರ, ಮನೆ ಎಂಬ ಶಬ್ದಗಳಿಗೆ ಹತ್ತುವ ಪ್ರತ್ಯಯವೇ ಹತ್ತುತ್ತದೆ. "ಮರಕ್ಕಿಂತ" ಎಂಬಲ್ಲಿಯ "ಗಿಂತ"ವೂ "ಬರೆಯುವುದಕ್ಕಿಂತ" ಎಂಬಲ್ಲಿಯ "ಗಿಂತ"ವೂ ಒಂದೇ. ಕರ್ತೃವು ತನ್ನ ಪ್ರಥಮಾ ವಿಭಕ್ತಿಯಲ್ಲಿಯೇ ಉಳಿಯುತ್ತದೆ, ಕರ್ಮವು ದ್ವಿತೀಯೆಯಲ್ಲಿಯೇ ಉಳಿಯುತ್ತದೆ. ಕಾಲವೂ ಅಳಿಯುವುದಿಲ್ಲ. "ನೀನು ಹೇಳುವುದಕ್ಕಿಂತ" ಎಂಬುದು ಬೇರೆ, "ನೀನು ಹೇಳಿದ್ದಕ್ಕಿಂತ" ಎಂಬುದು ಬೇರೆ. "ನೀನು ಹೇಳಿದ್ದಕ್ಕಿಂತ ಊರು ದೂರವಿದೆ" ಎಂದರೆ ಆಗಿಹೋದ ಒಂದು ಮಾತಿನೊಡನೆ ಈಗಿನ ಅನುಭವವನ್ನು ತೂಗಿದಂತೆ. ಹೆಸರಿಗೂ ವಾಕ್ಯಕ್ಕೂ ಒಂದೇ ಸಾಧನವಿರಬೇಕೆಂದು ಜಾಮೆನ್‌ಹಾಫನು ಯೋಜನೆಮಾಡಿ ಸಾಧಿಸಿದುದನ್ನು ಕನ್ನಡ ಬೇರೆ ದಾರಿಯಿಂದ ತಾನಾಗಿಯೇ ಸಾಧಿಸಿಕೊಂಡಿತ್ತು. ಆತನು ಹೆಸರನ್ನೂ ವಾಕ್ಯದಂತೆ ಕಂಡನು. ಕನ್ನಡ ವಾಕ್ಯವನ್ನೂ ಹೆಸರಿನಂತೆ ಕಂಡಿತು.

ಸಂದೇಹ ನಿವಾರಣೆಯ ಪ್ರಶ್ನೆಯನ್ನೂ ನೋಡೋಣ. "ನಾನು ಅವನಿಗಿಂತ ಹೆಚ್ಚಾಗಿ ನಿನ್ನನ್ನು ಹೊಗಳುತ್ತೇನೆ" ಎಂದರೆ ಕನ್ನಡದಲ್ಲಿ ಎರಡು ಅರ್ಥಗಳು ಸಾಧ್ಯ. ಹೊಗಳುವವರಲ್ಲಿ ಹೋಲಿಕೆಯೋ, ಹೊಗಳಿಸಿಕೊಂಡವರಲ್ಲಿ ಹೋಲಿಕೆಯೋ ತಿಳಿಯದು. ಎಸ್ಪೆರಾಂಟೊ ಇಲ್ಲಿ ಒಂದು "ನ್" ಕಾರದಿಂದ ಗೆಲ್ಲುತ್ತದೆ ಎಂದು ಒಪ್ಪಲೇಬೇಕು. ಆದರೆ ಕನ್ನಡಿಗನು ಬಯಸಿದರೆ ಹೆಸರನ್ನು ಬಿಡಿಸಿ ವಾಕ್ಯವನ್ನಾಗಿ ಮಾಡಿ "ಅವನು ನಿನ್ನನ್ನು ಹೊಗಳುವುದಕ್ಕಿಂತ" ಎಂದೋ, "ಅವನನ್ನು ಹೊಗಳುವುದಕ್ಕಿಂತ" ಎಂದೋ ಸ್ಪಷ್ಟಪಡಿಸುತ್ತಾನೆ. ಮಾತು ತುಸು ಉದ್ದವಾಗುತ್ತದೆ, ಅರ್ಥ ಸಂಪೂರ್ಣವಾಗುತ್ತದೆ. ಕನ್ನಡದ ಇನ್ನೊಂದು ಮಿತಿಯನ್ನೂ ಮರೆಮಾಚಬೇಕಾಗಿಲ್ಲ. ಹೋಲಿಕೆಗೆ ಆಧಾರವಾದ ಭಾಗ ಮೊದಲೇ ಬರುವುದರಿಂದ, ಅದು ಉದ್ದವಾದರೆ ಕೇಳುವವನು ಮುಖ್ಯವಾಕ್ಯಕ್ಕಾಗಿ ಬಹಳ ಹೊತ್ತು ಕಾಯಬೇಕಾಗುತ್ತದೆ.

ಸಮಾನತೆ, ಪ್ರಮಾಣ, ಕಾಲ

ಹೋಲಿಕೆ ಎಂದರೆ ಹೆಚ್ಚು ಎಂಬುದೊಂದೇ ಅಲ್ಲ. ಯೆಸ್ಪರ್ಸನ್ 1924ರಲ್ಲಿ ಪ್ರಕಟಿಸಿದ ವ್ಯಾಕರಣತತ್ತ್ವದ ಗ್ರಂಥದಲ್ಲಿ, ಶಾಲೆಯ ವ್ಯಾಕರಣಗಳು ಹೇಳುವ ಮೂರು ದರ್ಜೆಗಳಿಗಿಂತ ಅಧಿಕ್ಯ, ಸಮತೆ, ನ್ಯೂನತೆ ಎಂಬ ವಿಭಾಗವೇ ತರ್ಕಕ್ಕೆ ಹೊಂದುವುದೆಂದು ತೋರಿಸಿದ್ದಾನೆ. ಈ ಮೂರಕ್ಕೂ ಕನ್ನಡದಲ್ಲಿ ಸ್ಪಷ್ಟವಾದ ರೂಪಗಳಿವೆ. ಅಧಿಕ್ಯಕ್ಕೆ "ಗಿಂತ". ಸಮತೆಗೆ "ಅಷ್ಟು", "ಅಂತೆ", "ಹಾಗೆ". ನ್ಯೂನತೆಗೆ "ಗಿಂತ ಕಡಿಮೆ" ಎಂಬುದಿದ್ದರೂ ಆಡುಮಾತು ಅದನ್ನು ಅಷ್ಟಾಗಿ ಬಯಸದೆ, ಸಮತೆಯನ್ನೇ ನಿಷೇಧಿಸಿ ಹೇಳುತ್ತದೆ: "ನೀನು ಹೇಳಿದಷ್ಟು ದೂರವಿಲ್ಲ".

"ಅಷ್ಟು" ಎಂಬುದು ಹಳಗನ್ನಡದ "ಅನಿತು" ಇದ್ದ ಸ್ಥಾನದಲ್ಲಿ ನಿಂತಿದೆ. ಇದು ಕೃದಂತದ ಮೇಲೆ ನೇರವಾಗಿ ಕುಳಿತುಕೊಳ್ಳುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಅರಿಯದ ಕನ್ನಡಿಗನಿಲ್ಲ. ಹಾಸಿಗೆ ಇರುವುದು ಒಂದು ವಾಕ್ಯ, ಕಾಲು ಚಾಚುವುದು ಇನ್ನೊಂದು ವಾಕ್ಯ. ಒಂದು ಅಷ್ಟು ಎಂಬುದರಿಂದ ಎರಡರ ಅಳತೆಯೂ ಸರಿಹೋಯಿತು. ವ್ಯಾಕರಣ ಕಲಿಯದ ಅಜ್ಜಿಯೂ ವಾಕ್ಯಗಳ ಹೋಲಿಕೆಯನ್ನು ಎಷ್ಟು ನಿರಾಯಾಸವಾಗಿ ಮಾಡುತ್ತಾಳೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇಲ್ಲಿ ಎಸ್ಪೆರಾಂಟೊ ಮತ್ತು ಕನ್ನಡಗಳ ನಡುವೆ ಒಂದು ಸಂತೋಷಕರ ಸಾಮ್ಯವೂ ಉಂಟು. ಜಾಮೆನ್‌ಹಾಫನು 45 ಸರ್ವನಾಮ ಹಾಗೂ ಅವ್ಯಯಗಳನ್ನು ಒಂದು ಪಟ್ಟಿಯಾಗಿ ಜೋಡಿಸಿದನು. "ಕಿ" ಎಂದು ಆರಂಭವಾದರೆ ಪ್ರಶ್ನೆ, "ತಿ" ಎಂದು ಆರಂಭವಾದರೆ ನಿರ್ದೇಶ. "ಕಿಯೋಮ್" ಎಂದರೆ ಎಷ್ಟು, "ತಿಯೋಮ್" ಎಂದರೆ ಅಷ್ಟು. "ಕಿಯೆಲ್" ಎಂದರೆ ಹೇಗೆ, "ತಿಯೆಲ್" ಎಂದರೆ ಹಾಗೆ. ಸಮತೆಯ ಹೋಲಿಕೆ ಈ ಜೋಡಿಗಳಿಂದಲೇ ನಡೆಯುತ್ತದೆ. ಕನ್ನಡದಲ್ಲಿ ಎಷ್ಟು, ಅಷ್ಟು, ಇಷ್ಟು. ಎಲ್ಲಿ, ಅಲ್ಲಿ, ಇಲ್ಲಿ. ಹೇಗೆ, ಹಾಗೆ, ಹೀಗೆ ಎಂಬ ಜೋಡಣೆ ಯಾರೂ ಪಟ್ಟಿಮಾಡುವ ಮೊದಲೇ ಇತ್ತು. ಮೇಲಾಗಿ ಹತ್ತಿರದ್ದನ್ನೂ ದೂರದ್ದನ್ನೂ ಕನ್ನಡ ಒಂದು ಸ್ವರದಿಂದ ಬೇರ್ಪಡಿಸುತ್ತದೆ. ಎಸ್ಪೆರಾಂಟೊ ಅದಕ್ಕೆ "ಚಿ" ಎಂಬ ಇನ್ನೊಂದು ಶಬ್ದವನ್ನು ಕೂಡಿಸಬೇಕಾಗುತ್ತದೆ. ಪ್ರಮಾಣದ ಹೋಲಿಕೆಗೆ ಎಸ್ಪೆರಾಂಟೊದಲ್ಲಿ "ಯು ಪ್ಲಿ … ದೆಸ್ ಪ್ಲಿ" ಎಂಬ ವಿಶೇಷ ಜೋಡಿಯೇ ಬೇಕಾಯಿತು. ಇದು ಜರ್ಮನ್ ಭಾಷೆಯ "ಯೆ … ದೆಸ್ತೊ" ಎಂಬುದರ ನೆರಳು. ಕನ್ನಡಕ್ಕೆ ಹೊಸ ಜೋಡಿ ಬೇಕಾಗಿಲ್ಲ. "ಎಷ್ಟು ಅಗೆದರೆ ಅಷ್ಟು ನೀರು" ಎಂಬಲ್ಲಿ ಹಳೆಯ ಎಷ್ಟು, ಅಷ್ಟುಗಳೇ ಸಾಕು.

ಕಾಲದ ವಿಷಯದಲ್ಲಿ ಈ ಎರಡು ಭಾಷೆಗಳು ಒಂದೇ ತತ್ತ್ವಕ್ಕೆ ಬಂದು ಸೇರುತ್ತವೆ. "ಮೊದಲು" ಎಂಬುದೂ ಒಂದು ಹೋಲಿಕೆಯೇ. ಒಂದು ಕ್ರಿಯೆಯ ಕಾಲವನ್ನು ಇನ್ನೊಂದರ ಕಾಲದೊಡನೆ ತೂಗುವುದೇ ಅದರ ಅರ್ಥ. ಎಸ್ಪೆರಾಂಟೊದಲ್ಲಿ ಒಂದು ಕ್ರಿಯೆಗೆ ಮೊದಲು ಎನ್ನಬೇಕಾದರೆ "ಆಂತಾವ್ ಓಲ್" ಎನ್ನುತ್ತಾರೆ. ಹೋಲಿಕೆಯ ಅದೇ "ಓಲ್" ಇಲ್ಲಿಯೂ ಬಂತು. ಕನ್ನಡದಲ್ಲಿ "ಹುಟ್ಟುವುದಕ್ಕೆ ಮೊದಲು" ಎಂದೂ "ಹುಟ್ಟುವುದಕ್ಕಿಂತ ಮೊದಲು" ಎಂದೂ ಹೇಳುತ್ತೇವೆ. ಹೋಲಿಕೆಯ ಅದೇ "ಗಿಂತ" ಇಲ್ಲಿಯೂ ಬಂತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಗುವ ಗಾದೆ ಎರಡು ಕಾಲಗಳನ್ನು ತೂಗಿಯೇ ನಗಿಸುತ್ತದೆ. ಪರಸ್ಪರ ಸಂಪರ್ಕವಿಲ್ಲದ ಎರಡು ಭಾಷೆಗಳು ಹೀಗೆ ಒಂದೇ ಕಡೆಗೆ ಬಂದು ನಿಂತಾಗ ಮಾತ್ರ, ಇಲ್ಲಿ ಮನುಷ್ಯಬುದ್ಧಿಯ ಸಾಮಾನ್ಯಧರ್ಮವೊಂದು ಕಾಣುತ್ತದೆಯೇ ಎಂದು ಕೇಳಲು ಅವಕಾಶವುಂಟು.

ನೆರೆಯ ಭಾಷೆಗಳು

ಕನ್ನಡದ ಈ ದಾರಿ ಅದೊಂದರದೇ ಅಲ್ಲ. ಮೇಲೆ ಕೊಟ್ಟ ಉದಾಹರಣೆಯನ್ನೇ ತಮಿಳಿನಲ್ಲಿ ಹೇಳಿದರೆ "ನಾನ್ ಎೞುದುವದೈ ವಿಡ" ಎಂದು ಆರಂಭವಾಗುತ್ತದೆ. "ಎೞುದುವದು" ಎಂಬ ಕ್ರಿಯಾನಾಮಕ್ಕೆ ದ್ವಿತೀಯೆ ಹತ್ತಿ, ಅದರ ಮೇಲೆ "ಬಿಡು" ಎಂಬರ್ಥದ ಧಾತುವಿನ ರೂಪ ಬಂತು. ಮಲಯಾಳದಲ್ಲಿ "ಞಾನ್ ಎೞುದುನ್ನದಿನೇಕ್ಕಾಳ್". ತೆಲುಗಿನಲ್ಲಿ "ನೇನು ವ್ರಾಸೇದಾನಿಕಂಟೆ". ಪ್ರತ್ಯಯಗಳು ಬೇರೆ ಬೇರೆ, ಅವುಗಳ ಮೂಲವೂ ಬೇರೆ ಬೇರೆ. ಆದರೆ ವಾಕ್ಯವನ್ನು ಹೆಸರಾಗಿಸಿ ಅದರ ಮೇಲೆ ಪ್ರತ್ಯಯವನ್ನಿಡುವ ಉಪಾಯ ಒಂದೇ. ಉತ್ತರದ ಹಿಂದಿಯಲ್ಲಿಯೂ ಹೆಸರುಗಳ ಹೋಲಿಕೆಗೆ "ಇಂದ" ಎಂಬರ್ಥದ "ಸೇ" ಎಂಬುದೇ ಸಲ್ಲುತ್ತದೆ.

ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ, ಈ ಭಾಷೆಗಳು ವಿಶೇಷಣಕ್ಕೆ ಪ್ರತ್ಯಯವನ್ನು ಹಚ್ಚದೆ ಹೋಲಿಕೆಯನ್ನು ಸಾಧಿಸುತ್ತವೆಂಬುದನ್ನು ಗುರುತಿಸಿದ್ದನು. ನಮ್ಮ ನೀಲಗಿರಿಯಲ್ಲಿ 1935ರಿಂದ 1938ರವರೆಗಿನ ಅವಧಿಯಲ್ಲಿ ತೊದ, ಕೋತ, ಬಡಗ ನುಡಿಗಳನ್ನು ಸಂಗ್ರಹಿಸಿದ ಎಮೆನೋ ಅವರು 1956ರಲ್ಲಿ ಬರೆದ ಪ್ರಬಂಧದಲ್ಲಿ ಭಾರತವೇ ಒಂದು ಭಾಷಾಕ್ಷೇತ್ರವೆಂಬ ವಿಚಾರವನ್ನು ಪ್ರತಿಪಾದಿಸಿದರು. ಬೇರೆ ಬೇರೆ ವಂಶದ ಭಾಷೆಗಳು ಬಹುಕಾಲ ಒಂದೇ ನೆಲದಲ್ಲಿ ಬಾಳಿದರೆ ವಾಕ್ಯದ ಕಟ್ಟಡದಲ್ಲಿ ಒಂದನ್ನೊಂದು ಹೋಲತೊಡಗುತ್ತವೆ ಎಂಬುದು ಆ ವಿಚಾರದ ಸಾರ. ಅದನ್ನು ಪರೀಕ್ಷಿಸಲು ನಮ್ಮ ಪರ್ವತದ ತಪ್ಪಲಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ಕಟ್ಟಿದ ಭಾಷೆಗಳೂ ಕಾಲಕ್ರಮದಲ್ಲಿ ಯೂರೋಪಿನ ಜಗುಲಿಯಿಂದ ಇಳಿದುವು ಎಂಬುದನ್ನು ಇಲ್ಲಿ ಹೇಳಬೇಕು. ಅಮೇರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ತರ್ಕಕ್ಕೆ ಅನುಸಾರವಾದ ಲೊಗ್ಲಾನ್ ಎಂಬ ಭಾಷೆಯನ್ನು ಕಟ್ಟಲು ತೊಡಗಿದನು. ಅದರಿಂದ 1987ರಲ್ಲಿ ಕವಲೊಡೆದ ಲೊಜ್ಬಾನ್ ಭಾಷೆಯಲ್ಲಿ "ಝ್ಮಾದು" ಎಂಬ ಕ್ರಿಯಾರೂಪವಿದೆ. ಒಂದು ವಸ್ತು ಇನ್ನೊಂದನ್ನು, ಇಂತಹ ಗುಣದಲ್ಲಿ, ಇಷ್ಟು ಪ್ರಮಾಣದಿಂದ ಮೀರುತ್ತದೆ ಎಂಬುದು ಅದರ ಅರ್ಥ. ಇಲ್ಲಿ ಅವ್ಯಯವೂ ಇಲ್ಲ, ವಿಶೇಷಣದ ದರ್ಜೆಯೂ ಇಲ್ಲ. ತರ್ಕವನ್ನೇ ಮುಂದಿಟ್ಟುಕೊಂಡು ಹೊರಟವರು ಬಂದು ಮುಟ್ಟಿದ್ದು "ಮೀರು" ಎಂಬ ಕ್ರಿಯೆಗೆ. ಕನ್ನಡದ "ಮಿಗಿಲು" ಎಂಬುದು "ಮಿಗು" ಎಂಬ ಧಾತುವಿನಿಂದ ಬಂದದ್ದು. "ಹೆಚ್ಚು" ಎಂಬುದು ಇಂದಿಗೂ ಕ್ರಿಯಾಪದವಾಗಿ ಬಳಕೆಯಲ್ಲಿದೆ. ಮಗ ತಂದೆಯನ್ನು ಮೀರಿಸಿದ ಎಂದು ನಾವು ಸಹಜವಾಗಿ ಹೇಳುತ್ತೇವೆ. ವಿಭಕ್ತಿಯ ದಾರಿಯೂ ಕ್ರಿಯೆಯ ದಾರಿಯೂ ಎರಡೂ ನಮಗೆ ತೆರೆದಿವೆ.

ಶಾಲೆಯ ವ್ಯಾಕರಣ

ಇಷ್ಟು ಹೇಳಿದ ಮೇಲೆ ಪ್ರಾರಂಭದಲ್ಲಿ ಸೂಚಿಸಿದ ಅಪವಾದಕ್ಕೆ ಬರಬಹುದು. 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಿಂದ ಮೊದಲುಗೊಂಡು ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣಗಳ ಒಂದು ಪರಂಪರೆಯೇ ಬೆಳೆಯಿತು. 1903ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ವ್ಯಾಕರಣ ಅದರ ಶಿಖರ. ಇವರ ಪರಿಶ್ರಮಕ್ಕೆ ನಾವು ಸದಾ ಋಣಿಗಳು. ಆದರೆ ಶಾಲೆಗಳಲ್ಲಿ ಇಂಗ್ಲಿಷ್ ವ್ಯಾಕರಣದ ಅಧ್ಯಾಯಗಳ ಪಟ್ಟಿಯನ್ನೇ ಮಾದರಿಯಾಗಿಟ್ಟುಕೊಂಡು ಕನ್ನಡವನ್ನು ಕಲಿಸುವ ರೂಢಿ ಬೆಳೆದುದರಿಂದ ಒಂದು ಹಾನಿಯಾಯಿತು. ವಿಶೇಷಣದ ಮೂರು ದರ್ಜೆಗಳು ಎಂಬ ಶೀರ್ಷಿಕೆ ಅಲ್ಲಿದೆ; ಅದನ್ನು ತುಂಬಲು ಕನ್ನಡದಲ್ಲಿ ಪ್ರತ್ಯಯವಿಲ್ಲ; ಆದ್ದರಿಂದ ಕನ್ನಡದಲ್ಲಿ ದರ್ಜೆಗಳೇ ಇಲ್ಲವೆಂದು ವಿದ್ಯಾರ್ಥಿ ತಿಳಿಯುತ್ತಾನೆ. ಆ ಕೊರತೆಯನ್ನು ತುಂಬಲು ಸಂಸ್ಕೃತದ "ತರ", "ತಮ"ಗಳನ್ನು ತಂದು "ಎಲ್ಲಕ್ಕಿಂತ ಶ್ರೇಷ್ಠತಮ" ಎಂಬಂತಹ ದ್ವಿರುಕ್ತಿಯನ್ನು ಬರೆಯುತ್ತಾನೆ. ಇಂಗ್ಲಿಷ್ ವಾಕ್ಯವನ್ನು ಭಾಷಾಂತರಿಸುವಾಗ ಪದಗಳ ಸಾಲನ್ನೂ ಅಲ್ಲಿಂದಲೇ ಹೊತ್ತುತಂದು "ಅವನು ಓದುತ್ತಾನೆ ಹೆಚ್ಚಾಗಿ, ನಾನು ಬರೆಯುವುದಕ್ಕಿಂತ" ಎಂದು ಬಾಲವನ್ನು ಹಿಂದಕ್ಕೆ ಕಟ್ಟುತ್ತಾನೆ.

ಕನ್ನಡದಲ್ಲಿ ಹೋಲಿಕೆ ಇರುವುದು ವಿಶೇಷಣದ ಅಧ್ಯಾಯದಲ್ಲಿ ಅಲ್ಲ, ವಿಭಕ್ತಿಯ ಅಧ್ಯಾಯದಲ್ಲಿ ಮತ್ತು ಕೃದಂತದ ಅಧ್ಯಾಯದಲ್ಲಿ. ಬೇರೆ ಮನೆಯ ನಕ್ಷೆಯನ್ನು ಹಿಡಿದು ಹುಡುಕಿದವನಿಗೆ ಅದು ಸಿಗಲಿಲ್ಲ, ಅಷ್ಟೆ. ಎಲ್ಲರಿಗಾಗಿ ಕಟ್ಟಿದ ಎಸ್ಪೆರಾಂಟೊಗೂ ಒಂದು ಊರಿನ ನಕ್ಷೆ ಇತ್ತು ಎಂಬುದನ್ನು ಮೇಲೆ ಕಂಡೆವು. ಸರ್ವಸಾಮಾನ್ಯವೆಂದು ಮುಂದಿಡುವ ಯಾವ ವ್ಯಾಕರಣದ ಚೌಕಟ್ಟನ್ನೇ ಆಗಲಿ, ಅದು ಯಾರ ಮನೆಯ ಅಳತೆಗೆ ಮಾಡಿದ್ದು ಎಂದು ಕೇಳುವುದು ಅಧ್ಯಾಪಕನ ಹಕ್ಕೂ ಹೌದು, ಕರ್ತವ್ಯವೂ ಹೌದು.

ಗಡಿನಾಡಿನಲ್ಲಿ ಈ ಕರ್ತವ್ಯ ಇಮ್ಮಡಿಯಾಗಿದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನೀಲಗಿರಿ ಜಿಲ್ಲೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 2006ರ ತಮಿಳು ಕಲಿಕೆಯ ಅಧಿನಿಯಮದ ನಂತರ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯ ವಿಷಯವಾಯಿತು. ಮನೆಯಲ್ಲಿ ಕನ್ನಡವನ್ನೋ ಬಡಗವನ್ನೋ ಆಡುವ ಮಗು ಶಾಲೆಯಲ್ಲಿ ತಮಿಳನ್ನೂ ಇಂಗ್ಲಿಷನ್ನೂ ಕಲಿಯಬೇಕು. ಕನ್ನಡ ಬಲ್ಲ ಮಗುವಿಗೆ ತಮಿಳಿನ "ವಿಡ"ವನ್ನು ಕಲಿಸುವಾಗ ಇಂಗ್ಲಿಷಿನ "ದ್ಯಾನ್" ಮೂಲಕ ಸುತ್ತಿ ಹೋಗುವುದು ವ್ಯರ್ಥ. "ಬರೆಯುವುದಕ್ಕಿಂತ" ಎಂಬುದರ ಪಕ್ಕದಲ್ಲಿ "ಎೞುದುವದೈ ವಿಡ" ಎಂಬುದನ್ನು ಕಪ್ಪು ಹಲಗೆಯ ಮೇಲೆ ಬರೆದು, ಒಂದೇ ಕಟ್ಟಡ, ಬಾಗಿಲು ಮಾತ್ರ ಬೇರೆ ಎಂದು ತೋರಿಸಿದರೆ ಸಾಕು. ಇಂಗ್ಲಿಷನ್ನು ಕಲಿಸುವಾಗ ಮಾತ್ರ ಅಲ್ಲಿಯ ಕಟ್ಟಡವೇ ಬೇರೆ ಎಂದು ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ಕಲಿತ ಮಗುವಿಗೆ ಮನೆಮಾತು ಹೊರೆಯಾಗದೆ ಮೆಟ್ಟಿಲಾಗುತ್ತದೆ.

ಕೊನೆಯದಾಗಿ ಒಂದು ಸೂಚನೆ. ಬಡಗ, ಇರುಳ, ಕುರುಂಬ ನುಡಿಗಳನ್ನು ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ. "ನೀನು ಹೇಳಿದ್ದಕ್ಕಿಂತ", "ಇದ್ದಷ್ಟು", "ಬರುವುದಕ್ಕೆ ಮೊದಲು" ಎಂಬ ಮೂರು ಮಾದರಿಗಳನ್ನು ತಮ್ಮ ಮನೆಯಲ್ಲಿ ಹೇಗೆ ಹೇಳುತ್ತಾರೆಂದು ಆ ಮಕ್ಕಳ ಹಿರಿಯರಿಂದ ಕೇಳಿ ಬರೆದಿಡುವುದಕ್ಕೆ ಒಂದು ದಫ್ತರವೂ ಒಂದಿಷ್ಟು ತಾಳ್ಮೆಯೂ ಇದ್ದರೆ ಸಾಕು. ಅಧ್ಯಾಪಕ ಬಂಧುಗಳು ತಮ್ಮ ತಮ್ಮ ಊರುಗಳಲ್ಲಿ ಹೀಗೆ ಹತ್ತು ಹತ್ತು ವಾಕ್ಯಗಳನ್ನು ಸಂಗ್ರಹಿಸಿದರೆ ಮುಂದಿನ ಸಂಚಿಕೆಯ ಹೊತ್ತಿಗೆ ಈ ತಪ್ಪಲಿನ ಹೋಲಿಕೆಯ ವಾಕ್ಯಗಳ ಒಂದು ಪಟ್ಟಿ ಸಿದ್ಧವಾಗುತ್ತದೆ. ಆ ನುಡಿಗಳನ್ನು ಹುಟ್ಟಿನಿಂದ ಬಲ್ಲವರೇ ಅದನ್ನು ತಿದ್ದಿಕೊಡಬಹುದು. ಇಷ್ಟು ವಿಚಾರವನ್ನು ವಿದ್ವಾಂಸರ ಹಾಗೂ ಸಹೋದ್ಯೋಗಿಗಳ ಮುಂದಿಟ್ಟು ಈ ಲೇಖನವನ್ನು ಮುಗಿಸುತ್ತೇನೆ.